ವಿರುದ್ಧರಾಜ್ಯಾತಿಕ್ರಮವೂ ಕಾವೇರಿಯ ನೀರೂ

ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಹೇಳುತ್ತದೆ. ಕಳ್ಳತನಕ್ಕೆ ಪ್ರೇರಣೆ ನೀಡುವುದು, ಕದ್ದ ಮಾಲನ್ನು ತಿಳಿದೂ ಕೊಳ್ಳುವುದು, ವಿರುದ್ಧರಾಜ್ಯಾತಿಕ್ರಮ, ಹೀನಾಧಿಕ ಮಾನೋನ್ಮಾನವೆಂಬ ಅಳತೆ ತೂಕಗಳ ಮೋಸ, ಪ್ರತಿರೂಪಕ ವ್ಯವಹಾರವೆಂಬ ಕಲಬೆರಕೆ. ಇವುಗಳಲ್ಲಿ ನಾಲ್ಕು ಯಾವ ಅಂಗಡಿಯವನಿಗೂ ವಿವರಣೆಯಿಲ್ಲದೆ ಅರ್ಥವಾಗುವಂಥವು. ನಡುವೆ ಬರುವ ವಿರುದ್ಧರಾಜ್ಯಾತಿಕ್ರಮ ಮಾತ್ರ ಪಾಠಶಾಲೆಗಳಲ್ಲಿ ಹೆಸರು ಹೇಳಿ ದಾಟಿಬಿಡುವ ವಿಷಯವಾಗಿದೆ. ರಾಜ್ಯದ ವ್ಯವಸ್ಥೆ ಕೆಟ್ಟಿರುವಾಗ ಬೆಲೆಬಾಳುವ ವಸ್ತುಗಳು ಅಲ್ಪ ಮೌಲ್ಯಕ್ಕೆ ದೊರೆಯುತ್ತವೆಂದು ನ್ಯಾಯಮಾರ್ಗವನ್ನು ಬಿಟ್ಟು ಕೊಡುಕೊಳ್ಳುವಿಕೆಯಲ್ಲಿ ತೊಡಗುವುದು ಎಂದು ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇದನ್ನು ವಿವರಿಸಿದ್ದಾರೆ. ರಾಜ್ಯವು ವಿಧಿಸಿದ ಎಲ್ಲೆಯನ್ನು ಮೀರಿ ವ್ಯವಹರಿಸುವುದು ಎಂದು ಅರ್ಥ ಹೇಳುವವರೂ ಇದ್ದಾರೆ. ಎರಡು ಅರ್ಥಗಳೂ ಈ ಲೇಖನಕ್ಕೆ ಬೇಕಾಗುತ್ತವೆ.

ಸೂತ್ರಕಾರರ ಕಾಲದಲ್ಲಿ ರಾಜ್ಯವೆಂದರೆ ಅರಸ. ಎಲ್ಲೆಯನ್ನು ಹಾಕುವವನು ಅವನು, ಮೀರದೆ ಇರಬೇಕಾದವನು ಗೃಹಸ್ಥ. ಇಂದು ಅರಸನಿಲ್ಲ. ಪ್ರಜೆಗಳೇ ಪ್ರಭುಗಳು. ಹಾಗಾದರೆ ಪ್ರಜೆಗಳು ಆರಿಸಿ ಕಳುಹಿಸಿದ ಸರ್ಕಾರವೇ, ಬಹುಸಂಖ್ಯಾತರ ಸಂಪೂರ್ಣ ಒಪ್ಪಿಗೆಯಿಂದಲೇ, ಎಲ್ಲೆಯನ್ನು ಮೀರಿದರೆ ಅದನ್ನು ಅತಿಕ್ರಮವೆನ್ನಬಹುದೆ? ಎಲ್ಲರೂ ಕೂಡಿ ಮಾಡಿದ್ದರಲ್ಲಿ ದೋಷವೆಲ್ಲಿಂದ ಬಂತು? ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಶ್ರಾವಕರಿಗೆ ಇದು ಬರಿಯ ಶಾಸ್ತ್ರಚರ್ಚೆಯಲ್ಲ. ಮಳೆ ಕೈಕೊಟ್ಟ ಪ್ರತಿ ವರ್ಷವೂ ಇದೇ ಪ್ರಶ್ನೆ ಕನ್ನಂಬಾಡಿ ಕಟ್ಟೆಯ ಬಾಗಿಲಲ್ಲಿ ನಿಲ್ಲುತ್ತದೆ.

ಪ್ರಜೆಗಳ ಸರ್ಕಾರಕ್ಕೂ ಎಲ್ಲೆಯಿರಬೇಕೆಂಬ ವಿಚಾರವನ್ನು ಒಂದು ದೊಡ್ಡ ದೇಶದ ಮಟ್ಟದಲ್ಲಿ, ಲಿಖಿತ ಸಂವಿಧಾನದ ರೂಪದಲ್ಲಿ ಪ್ರಯೋಗಿಸಿದವರು ಅಮೆರಿಕದವರು. ಆ ಪ್ರಯೋಗಕ್ಕೆ ದಾರಿ ಮಾಡಿದ್ದೂ ಒಂದು ನದಿ ಎಂಬುದನ್ನು ಇಲ್ಲಿ ನೆನೆಯಬೇಕು. ಬ್ರಿಟಿಷರಿಂದ ಬಿಡುಗಡೆ ಹೊಂದಿದ ಹದಿಮೂರು ರಾಜ್ಯಗಳು 1781ರಲ್ಲಿ ಒಂದು ಸಡಿಲವಾದ ಒಡಂಬಡಿಕೆಯನ್ನು ಮಾಡಿಕೊಂಡಿದ್ದವು. ಅದರಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವಿರಲಿಲ್ಲ. ಒಂದು ರಾಜ್ಯದ ಸರಕಿನ ಮೇಲೆ ಇನ್ನೊಂದು ರಾಜ್ಯ ಸುಂಕ ಹೇರುವುದನ್ನು ತಡೆಯುವ ಶಕ್ತಿಯೂ ಇರಲಿಲ್ಲ. ಪೊಟೋಮ್ಯಾಕ್ ನದಿಯ ಸಂಚಾರದ ವಿಷಯದಲ್ಲಿ ಮೇರಿಲ್ಯಾಂಡ್ ಮತ್ತು ವರ್ಜೀನಿಯ ರಾಜ್ಯಗಳಿಗೆ ತಕರಾರು ಬಂದು, 1785ರಲ್ಲಿ ಜಾರ್ಜ್ ವಾಷಿಂಗ್ಟನ್ನರ ಮನೆಯಲ್ಲಿ ಎರಡು ರಾಜ್ಯಗಳ ಪ್ರತಿನಿಧಿಗಳು ಕುಳಿತು ಮಾತುಕತೆ ನಡೆಸಿದರು. ನದಿಯ ಜಗಳ ಎರಡು ರಾಜ್ಯಗಳಿಗೆ ಮುಗಿಯುವುದಲ್ಲವೆಂದು ಕಂಡು ಮರುವರ್ಷ ಅನ್ನಾಪೊಲಿಸಿನಲ್ಲಿ ಐದು ರಾಜ್ಯಗಳ ಸಭೆ ಸೇರಿತು. ಅದರ ಕರೆಯಿಂದ 1787ರಲ್ಲಿ ಫಿಲಡೆಲ್ಫಿಯದಲ್ಲಿ ಸಂವಿಧಾನ ಸಭೆ ಕೂಡಿತು.

ಅಲ್ಲಿ ರೂಪುಗೊಂಡ ವ್ಯವಸ್ಥೆಯ ತಿರುಳು ಸರಳವಾದುದು. ಕೇಂದ್ರಕ್ಕೆ ಕೊಟ್ಟ ಅಧಿಕಾರಗಳನ್ನು ಎಣಿಸಿ ಬರೆಯಲಾಯಿತು. ಬರೆಯದೆ ಉಳಿದವು ರಾಜ್ಯಗಳಿಗೆ ಅಥವಾ ಜನರಿಗೆ ಸೇರಿದವೆಂದು 1791ರ ಹತ್ತನೆಯ ತಿದ್ದುಪಡಿ ಸ್ಪಷ್ಟಪಡಿಸಿತು. ಇಬ್ಬರ ಮೇಲೂ ಸಂವಿಧಾನವಿರುತ್ತದೆ. ರಾಜ್ಯ ರಾಜ್ಯಗಳ ನಡುವೆ ವ್ಯಾಜ್ಯ ಹುಟ್ಟಿದರೆ ಸರ್ವೋಚ್ಚ ನ್ಯಾಯಾಲಯ ವಿಚಾರಿಸುತ್ತದೆ. ಇದನ್ನು ಸಮರ್ಥಿಸಿ ಬರೆದವರಲ್ಲಿ ಜೇಮ್ಸ್ ಮ್ಯಾಡಿಸನ್ ಪ್ರಮುಖರು. ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾಗಬಾರದು, ಏಕೆಂದರೆ ಸ್ವಾರ್ಥವು ವಿವೇಕವನ್ನು ಬಾಗಿಸುತ್ತದೆ; ಒಬ್ಬನಿಗೆ ಸಲ್ಲುವ ಈ ನಿಯಮ ಗುಂಪಿಗೆ ಇನ್ನೂ ಹೆಚ್ಚಾಗಿ ಸಲ್ಲುತ್ತದೆ ಎಂಬುದು ಅವರ ವಾದದ ಸಾರ. ಮನುಷ್ಯರು ದೇವತೆಗಳಾಗಿದ್ದರೆ ಸರ್ಕಾರವೇ ಬೇಕಿರಲಿಲ್ಲವೆಂದೂ ಅವರು ತರ್ಕಿಸಿದರು. ಜೈನ ಪರಿಭಾಷೆಯಲ್ಲಿ ಹೇಳುವುದಾದರೆ, ಕ್ರೋಧ ಮಾನ ಮಾಯೆ ಲೋಭಗಳೆಂಬ ಕಷಾಯಗಳನ್ನು ಗೆದ್ದವರಿಗೆ ಸಂವಿಧಾನದಿಂದ ಆಗಬೇಕಾದ್ದು ಏನೂ ಇಲ್ಲ. ಕಷಾಯಗಳು ಉಳಿದಿರುವ ನಮ್ಮಂಥವರಿಗಾಗಿಯೇ ಅದು ಇರುವುದು. ಗುಂಪಿಗೂ ಕಷಾಯಗಳಿವೆ, ಅವು ಒಬ್ಬನವಕ್ಕಿಂತ ಬೇಗ ಉರಿಯುತ್ತವೆ ಎಂಬ ಅರಿವು ಇದರ ಹಿಂದಿದೆ.

ಆ ಸಂವಿಧಾನವನ್ನು ಹೊಗಳುವಾಗ ಅದರ ಕಳಂಕವನ್ನು ಮುಚ್ಚಿಡುವುದು ಸರಿಯಲ್ಲ. ದಾಸ್ಯದಲ್ಲಿದ್ದ ಮನುಷ್ಯರನ್ನು ಜನಸಂಖ್ಯೆಯ ಲೆಕ್ಕಕ್ಕೆ ಐದರಲ್ಲಿ ಮೂರು ಭಾಗವೆಂದು ಎಣಿಸಿದ ಪತ್ರವದು. ರಾಜ್ಯಗಳ ಹಕ್ಕು ಎಂಬ ಮಾತು ಅಲ್ಲಿ ಬಹುಕಾಲ ದಾಸ್ಯಕ್ಕೆ ಕವಚವಾಯಿತು. 1861ರಿಂದ 1865ರವರೆಗಿನ ಘೋರ ಅಂತರ್ಯುದ್ಧವಾದ ಮೇಲೆಯೇ ಆ ದೋಷ ಸಂವಿಧಾನದಿಂದ ತೊಲಗಿತು. ಅಧಿಕಾರದ ಹಂಚಿಕೆಯೊಂದರಿಂದಲೇ ಅಹಿಂಸೆ ತಾನಾಗಿ ಬರುವುದಿಲ್ಲವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಭಾರತದ ಸಂವಿಧಾನ ಅಮೆರಿಕದ ಪ್ರತಿಯಲ್ಲ. ಅಲ್ಲಿ ರಾಜ್ಯಗಳು ಮೊದಲಿದ್ದು ಕೂಡಿ ಒಕ್ಕೂಟವಾದವು. ಇಲ್ಲಿ ಒಕ್ಕೂಟವು ರಾಜ್ಯಗಳ ಕರಾರಿನಿಂದ ಹುಟ್ಟಿದ್ದಲ್ಲವೆಂದು ಡಾ. ಅಂಬೇಡ್ಕರರು ಸಂವಿಧಾನ ಸಭೆಯಲ್ಲಿ ವಿವರಿಸಿದ್ದರು. ಸಂಸತ್ತು ರಾಜ್ಯಗಳ ಗಡಿಯನ್ನೇ ಬದಲಿಸಬಲ್ಲದು. ಆದರೂ ಮೂಲತತ್ತ್ವ ಒಂದೇ: ಅಧಿಕಾರವನ್ನು ಹಂಚಬೇಕು, ಹಂಚಿದ್ದಕ್ಕೆ ಗೆರೆ ಎಳೆಯಬೇಕು, ಗೆರೆಯ ಜಗಳವನ್ನು ಮೂರನೆಯವರು ತೀರ್ಮಾನಿಸಬೇಕು. ನೀರಿನ ವಿಷಯದಲ್ಲಿ ಈ ಗೆರೆ ಬಹಳ ಸೂಕ್ಷ್ಮವಾದುದು. ಏಳನೆಯ ಅನುಸೂಚಿಯ ರಾಜ್ಯಪಟ್ಟಿಯಲ್ಲಿ 17ನೆಯ ಬಾಬಾಗಿ ನೀರು, ನೀರಾವರಿ, ನಾಲೆಗಳು ಬರುತ್ತವೆ. ಕೇಂದ್ರಪಟ್ಟಿಯ 56ನೆಯ ಬಾಬಾಗಿ ಅಂತರರಾಜ್ಯ ನದಿಗಳು ಬರುತ್ತವೆ. 262ನೆಯ ಅನುಚ್ಛೇದವು ಇಂಥ ನದಿಗಳ ವ್ಯಾಜ್ಯಕ್ಕೆ ಪ್ರತ್ಯೇಕ ವ್ಯವಸ್ಥೆ ಮಾಡಲು ಸಂಸತ್ತಿಗೆ ಅವಕಾಶ ಕೊಟ್ಟಿದೆ. ಅದರಂತೆ 1956ರಲ್ಲಿ ಅಂತರರಾಜ್ಯ ಜಲವಿವಾದ ಕಾಯಿದೆ ಬಂದಿತು.

ಇನ್ನು ಮಂಡ್ಯ ಸೀಮೆಗೆ ಬರಬಹುದು. ಒಂದು ನಾಲೆಯನ್ನು ನೋಡಿದವರಿಗೆ ಒಕ್ಕೂಟ ವ್ಯವಸ್ಥೆಯ ಪ್ರಶ್ನೆಯನ್ನು ಪುಸ್ತಕದಿಂದ ಕಲಿಸಬೇಕಾಗಿಲ್ಲ. ಶ್ರೀರಂಗಪಟ್ಟಣದ ಸುತ್ತ ಅರಸರ ಕಾಲದ ಚಿಕ್ಕದೇವರಾಜಸಾಗರ ನಾಲೆ, ವಿರಿಜಾ ನಾಲೆ, ಬಂಗಾರದೊಡ್ಡಿ ನಾಲೆಗಳಿವೆ. ಇವು ಕಟ್ಟೆಗಿಂತ ಹಳೆಯವು; ಹಳೆಯ ಹಕ್ಕಿನ ಮಾತು ಅಲ್ಲಿ ಸಹಜ. ಮೊದಲು ಇರ್ವಿನ್ ನಾಲೆಯೆನಿಸಿದ್ದ ವಿಶ್ವೇಶ್ವರಯ್ಯ ನಾಲೆಯು ಪಾಂಡವಪುರವನ್ನು ದಾಟಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಕಡೆಗೆ ಸಾಗುತ್ತದೆ. ಮೇಲಿನವರು ಕಬ್ಬು ಭತ್ತಗಳಿಗೆ ತೂಬು ತೆರೆದುಕೊಂಡರೆ ಕೊನೆಯ ಭಾಗದವರ ಗದ್ದೆಗೆ ನೀರು ಮುಟ್ಟುವುದಿಲ್ಲ. ಕೊರತೆಯ ವರ್ಷಗಳಲ್ಲಿ ಕಟ್ಟು ನೀರು ಪದ್ಧತಿಯೆಂದು ಸರದಿ ಹಾಕುವುದು ಇದಕ್ಕಾಗಿಯೇ. ನಾಗಮಂಗಲವಂತೂ ಬಹುಮಟ್ಟಿಗೆ ಮಳೆಯನ್ನೂ ಕೆರೆಗಳನ್ನೂ ನಂಬಿದ ಸೀಮೆ; ಹೇಮಾವತಿಯ ನಾಲೆಯಿಂದ ಬರುವ ನೀರಿಗೆ ಅಲ್ಲಿಯವರು ಮೇಲಿನವರ ಮುಖ ನೋಡಬೇಕು. ತೂಬಿನ ಬಳಿ ನೀರುಗಂಟಿಯೊಬ್ಬ ನಿಂತಿರುತ್ತಾನೆ. ಅವನು ಮೇಲಿನವರ ನೆಂಟನಾಗಿದ್ದರೆ ಕೆಳಗಿನವರು ಒಪ್ಪುತ್ತಾರೆಯೆ?

ಕಟ್ಟೆಯ ಕಥೆಯಲ್ಲೂ ಈ ಪ್ರಶ್ನೆಯೇ ಇದೆ. 1892ರಲ್ಲಿ ಮೈಸೂರಿಗೂ ಮದರಾಸಿಗೂ ಆದ ಒಪ್ಪಂದವು ಮೈಸೂರು ಹೊಸ ಜಲಾಶಯ ಕಟ್ಟಬೇಕಾದರೆ ಮದರಾಸಿನ ಒಪ್ಪಿಗೆ ಪಡೆಯಬೇಕೆಂದು ವಿಧಿಸಿತ್ತು. ಒಂದು ಕಡೆ ಬ್ರಿಟಿಷರ ಸ್ವಂತ ಪ್ರಾಂತ್ಯ, ಇನ್ನೊಂದು ಕಡೆ ಅವರ ಅಧೀನದ ಸಂಸ್ಥಾನ. ಸಮಾನರ ನಡುವಿನ ಒಪ್ಪಂದ ಅದಾಗಿರಲಿಲ್ಲವೆಂಬ ಕನ್ನಡಿಗರ ದೂರು ಸುಳ್ಳಲ್ಲ. 1911ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯ ಎಂಜಿನಿಯರಾಗಿದ್ದಾಗ ಕನ್ನಂಬಾಡಿಯ ಕೆಲಸ ಆರಂಭವಾಯಿತು. ಮದರಾಸು ತಕರಾರು ತೆಗೆಯಿತು. ಪಂಚಾಯಿತಿಗೆ ನೇಮಕವಾದ ಗ್ರಿಫಿನ್ ಎಂಬ ನ್ಯಾಯಾಧೀಶರು 1914ರಲ್ಲಿ ಮೈಸೂರಿಗೆ ಅನುಕೂಲವಾಗಿ ತೀರ್ಪಿತ್ತರು. ಅಂದು ಪಂಚಾಯಿತಿದಾರನ ತೀರ್ಪನ್ನು ಮಾನ್ಯ ಮಾಡಬೇಕೆಂದು ನ್ಯಾಯ ಬೇಡಿದ್ದು ಮೈಸೂರು. ಒಪ್ಪಲಾರೆನೆಂದು ಲಂಡನ್ನಿನವರೆಗೆ ಹೋದದ್ದು ಮದರಾಸು. ಕೊನೆಗೆ 1924ರ ಫೆಬ್ರವರಿ 18ರಂದು ಐವತ್ತು ವರ್ಷಗಳ ಮೇಲೆ ಪುನಃ ಪರಿಶೀಲಿಸಬಹುದಾದ ಒಪ್ಪಂದವಾಗಿ, 124.80 ಅಡಿಯ ಪೂರ್ಣ ಮಟ್ಟದ ಕೃಷ್ಣರಾಜಸಾಗರ 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಹಳೆಯ ಕನ್ನಂಬಾಡಿ ಗ್ರಾಮ ಮುಳುಗಿತು. ಹಿನ್ನೀರು ಕೃಷ್ಣರಾಜಪೇಟೆ ತಾಲ್ಲೂಕಿನವರೆಗೂ ಚಾಚಿತು. ಮನೆ ಮಠ ಬಿಟ್ಟೆದ್ದವರ ತ್ಯಾಗದ ಮೇಲೆ ನಿಂತ ಕಟ್ಟೆ ಅದು ಎಂಬುದನ್ನು ನೀರನ್ನುಂಡವರು ಮರೆಯುವುದುಂಟು.

ಮುಂದಿನ ಘಟ್ಟ 1991. ಹಿಂದಿನ ವರ್ಷ ರಚಿತವಾಗಿದ್ದ ಕಾವೇರಿ ಜಲವಿವಾದ ನ್ಯಾಯಮಂಡಳಿಯು ಆ ವರ್ಷದ ಜೂನ್ 25ರಂದು, ವರ್ಷಕ್ಕೆ 205 ಟಿ.ಎಂ.ಸಿ. ಅಡಿ ನೀರು ಮೆಟ್ಟೂರಿಗೆ ಸೇರುವಂತೆ ಕರ್ನಾಟಕ ಬಿಡಬೇಕೆಂದೂ ನೀರಾವರಿ ಪ್ರದೇಶವನ್ನು 11.2 ಲಕ್ಷ ಎಕರೆಗಿಂತ ಹೆಚ್ಚಿಸಬಾರದೆಂದೂ ಮಧ್ಯಂತರ ಆದೇಶ ನೀಡಿತು. ಮಳೆ ಸೋತ ವರ್ಷದಲ್ಲಿ ಕೊರತೆಯನ್ನು ಹೇಗೆ ಹಂಚಿಕೊಳ್ಳಬೇಕೆಂಬುದಕ್ಕೆ ಆ ಆದೇಶದಲ್ಲಿ ಸ್ಪಷ್ಟ ಸೂತ್ರವಿರಲಿಲ್ಲ. ಅದು ಕಠಿಣವಾದುದೆಂದು ಹೇಳಲು ಕರ್ನಾಟಕಕ್ಕೆ ಸಾಕಷ್ಟು ಕಾರಣಗಳಿದ್ದವು. ಆದರೆ ರಾಜ್ಯ ಸರ್ಕಾರವು ಅಷ್ಟಕ್ಕೆ ನಿಲ್ಲದೆ, ಜುಲೈ 25ರಂದು ಸುಗ್ರೀವಾಜ್ಞೆಯೊಂದನ್ನು ಹೊರಡಿಸಿತು. ಯಾವ ನ್ಯಾಯಾಲಯದ ಅಥವಾ ಮಂಡಳಿಯ ಮಧ್ಯಂತರ ಆದೇಶವಿದ್ದರೂ ರಾಜ್ಯದ ಕಾವೇರಿ ಕಣಿವೆಯ ನೀರಾವರಿಗೆ ಬೇಕಾದ ನೀರನ್ನು ರಾಜ್ಯವೇ ಇಟ್ಟುಕೊಳ್ಳಬಹುದೆಂಬುದು ಅದರ ತಾತ್ಪರ್ಯ. ರಾಷ್ಟ್ರಪತಿಗಳು 143ನೆಯ ಅನುಚ್ಛೇದದಂತೆ ವಿಷಯವನ್ನು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಕ್ಕೆ ಕಳುಹಿಸಿದರು. ಆ ಸುಗ್ರೀವಾಜ್ಞೆ ರಾಜ್ಯದ ಅಧಿಕಾರವ್ಯಾಪ್ತಿಯನ್ನು ಮೀರಿದ್ದು, ಅದರಿಂದ ರಾಜ್ಯವು ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾದಂತಾಯಿತು ಎಂದು ನ್ಯಾಯಾಲಯವು ನವೆಂಬರ್ 22ರಂದು ತಿಳಿಸಿತು. ಅಮೆರಿಕದ ಇತಿಹಾಸದಲ್ಲಿ ಇದಕ್ಕೆ ಜೋಡಿಯಿದೆ. 1832ರಲ್ಲಿ ದಕ್ಷಿಣ ಕ್ಯಾರೊಲಿನ ರಾಜ್ಯವು ಕೇಂದ್ರದ ಸುಂಕದ ಕಾನೂನು ತನ್ನಲ್ಲಿ ಶೂನ್ಯವೆಂದು ಘೋಷಿಸಿತು. ಅಧ್ಯಕ್ಷ ಜಾಕ್ಸನ್ ಅದನ್ನು ಒಪ್ಪಲಿಲ್ಲ. ಮರುವರ್ಷ ಸುಂಕವನ್ನು ಇಳಿಸಿ ರಾಜಿಯಾಯಿತು. ದೂರು ನಿಜವಾಗಿದ್ದರೂ ಶೂನ್ಯಗೊಳಿಸುವ ಹಕ್ಕು ದೂರುದಾರನದಲ್ಲವೆಂಬುದು ಎರಡು ಕಡೆಯೂ ನಿಂತ ಮಾತು.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸದೆ ಮುಂದೆ ಹೋಗುವಂತಿಲ್ಲ. ಅನ್ಯಾಯದ ಆದೇಶವನ್ನು ಮುರಿಯುವುದೇ ಧರ್ಮವೆಂದು ಗಾಂಧೀಜಿಯವರು ಕಲಿಸಲಿಲ್ಲವೆ? ಮದ್ದೂರಿನ ಬಳಿಯ ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧಾಜ್ಞೆಯನ್ನು ಮೀರಿ ಧ್ವಜವನ್ನೇರಿಸಿದವರನ್ನು ಇದೇ ಮಂಡ್ಯದ ಜನ ಪೂಜ್ಯರೆಂದು ನೆನೆಯುವುದಿಲ್ಲವೆ? ಆಕ್ಷೇಪ ಬಲವಾದುದು. ಉತ್ತರವು ಕೃತ್ಯದಲ್ಲಿಲ್ಲ, ಅದರ ಬೆಲೆಯನ್ನು ಯಾರು ತೆತ್ತರು ಎಂಬುದರಲ್ಲಿದೆ. ಶಿವಪುರದವರು ಎಲ್ಲರ ಕಣ್ಣೆದುರಿಗೆ ಆಜ್ಞೆಯನ್ನು ಮೀರಿದರು, ಶಿಕ್ಷೆಯನ್ನು ತಮ್ಮ ಮೈಮೇಲೆ ತೆಗೆದುಕೊಂಡು ಸೆರೆಮನೆಗೆ ಹೋದರು. 1991ರಲ್ಲಿ ಎಲ್ಲೆ ಮೀರಿದವರು ಬೇರೆ, ಬೆಲೆ ತೆತ್ತವರು ಬೇರೆ. ಮಧ್ಯಂತರ ಆದೇಶ ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ, ಡಿಸೆಂಬರಿನಲ್ಲಿ, ಬೆಂಗಳೂರಿನಲ್ಲೂ ಮೈಸೂರಿನ ಕಡೆಯೂ ತಮಿಳು ಮಾತನಾಡುವ ಬಡವರ ಮೇಲೆ ಹಲ್ಲೆಗಳಾದವು. ಗುಡಿಸಲುಗಳು ಸುಟ್ಟವು, ಪ್ರಾಣಗಳು ಹೋದವು, ಸಾವಿರಾರು ಜನ ಊರು ಬಿಟ್ಟರು. ಗಡಿಯ ಆಚೆ ಕನ್ನಡಿಗರೂ ಪೆಟ್ಟು ತಿಂದರು. ಗಾರೆ ಕೆಲಸದ ಕೂಲಿಯವನಿಗೂ ಮೆಟ್ಟೂರಿನ ನೀರಿಗೂ ಏನು ಸಂಬಂಧ? ಸರ್ಕಾರವೇ ಎಲ್ಲೆ ದಾಟಿದಾಗ, ದಾಟಬಹುದೆಂಬ ಅನುಮತಿ ಬೀದಿಗೂ ಸಿಕ್ಕಂತಾಗುತ್ತದೆ. ಸ್ಥೂಲ ಹಿಂಸೆಯ ಪಾಪ ಕಲ್ಲೆಸೆದವನದು. ಕಾರಿತ ಅನುಮೋದನೆಗಳ ಪಾಪದಲ್ಲಿ ಯಾರಾರ ಪಾಲು ಎಷ್ಟೆಂಬುದನ್ನು ಮೂರು ಯೋಗಗಳ ಲೆಕ್ಕ ಬಲ್ಲ ಶ್ರಾವಕನು ತಾನೇ ವಿಚಾರಿಸಿಕೊಳ್ಳಬೇಕು.

ಇನ್ನೊಂದು ಮಾತಿದೆ. ಮೇಲ್ದಂಡೆಯವನು ನೀರನ್ನು ತಡೆದಿಟ್ಟುಕೊಳ್ಳಬಹುದೆಂಬ ನಿಯಮವನ್ನು ಕರ್ನಾಟಕ ಸ್ಥಾಪಿಸಲು ಹೊರಟರೆ ಅದರ ಫಲ ಏನು? ಕಪಿಲೆಯೆನಿಸಿದ ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಕೃಷ್ಣೆ ಬರುವುದು ಮಹಾರಾಷ್ಟ್ರದಿಂದ. ಅಲ್ಲೆಲ್ಲ ಕರ್ನಾಟಕವೇ ಕೆಳದಂಡೆ. ಕಾವೇರಿಯ ವಿಷಯದಲ್ಲಿಯೂ ತಲಕಾವೇರಿಯಿರುವ ಕೊಡಗು 1956ರವರೆಗೆ ಬೇರೆಯ ರಾಜ್ಯವಾಗಿತ್ತು. ಅಂದಿನ ಲೆಕ್ಕದಲ್ಲಿ ಕನ್ನಂಬಾಡಿಯೂ ಕೆಳದಂಡೆಯೇ. ಅನೇಕಾಂತವೆಂದರೆ ಎಲ್ಲರೂ ಸರಿ ಎಂದು ತಲೆಯಾಡಿಸಿ ಸುಮ್ಮನಾಗುವುದೆಂದು ಕೆಲವರು ತಿಳಿದಿದ್ದಾರೆ. ಅದು ಹಾಗಲ್ಲ. ಒಂದೇ ವಸ್ತುವನ್ನು ಎಲ್ಲಿಂದ ನೋಡುತ್ತಿದ್ದೇನೆಂಬುದನ್ನು ಮೊದಲು ಒಪ್ಪಿಕೊಂಡು, ಇನ್ನೊಂದು ನಯದಿಂದಲೂ ಅದು ನಿಲ್ಲುತ್ತದೆಯೆ ಎಂದು ಪರೀಕ್ಷಿಸುವುದು. ಕಾವೇರಿಯಲ್ಲಿ ಹೇಳುವ ಮಾತನ್ನು ಕೃಷ್ಣೆಯಲ್ಲೂ ಹೇಳಲು ಸಿದ್ಧನಿರುವವನ ಮಾತು ಮಾತ್ರ ನ್ಯಾಯದ ಮಾತು. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1907ರಲ್ಲಿ ಆರ್ಕನ್ಸಾ ನದಿಯ ಬಗೆಗೆ ಕಾನ್ಸಾಸ್ ಮತ್ತು ಕೊಲರಾಡೊ ರಾಜ್ಯಗಳ ವ್ಯಾಜ್ಯದಲ್ಲಿ ಇದೇ ನೆಲೆಯಿಂದ ವಿಚಾರ ಮಾಡಿತು: ರಾಜ್ಯಗಳು ಸಮಾನ, ನದಿಯ ಪ್ರಯೋಜನದಲ್ಲಿ ಒಬ್ಬರ ನಿಯಮವನ್ನು ಇನ್ನೊಬ್ಬರ ಮೇಲೆ ಹೇರಲಾಗದು.

ಎಲ್ಲೆಯೆಂಬುದು ತನ್ನನ್ನು ಕಟ್ಟುವುದಕ್ಕಷ್ಟೇ ಇರುವುದೆಂದು ಕರ್ನಾಟಕದವರು ಭಾವಿಸಬೇಕಾಗಿಲ್ಲ. 1989ರಲ್ಲಿ ಎಸ್. ಆರ್. ಬೊಮ್ಮಾಯಿಯವರ ಸರ್ಕಾರವನ್ನು ವಿಧಾನಸಭೆಯಲ್ಲಿ ಬಹುಮತ ಪರೀಕ್ಷೆಗೆ ಅವಕಾಶ ಕೊಡದೆ ಕೇಂದ್ರವು ವಜಾ ಮಾಡಿತು. 1994ರ ಮಾರ್ಚ್ 11ರಂದು ಒಂಬತ್ತು ನ್ಯಾಯಾಧೀಶರ ಪೀಠವು ಆ ಕ್ರಮ ಸಂವಿಧಾನಕ್ಕೆ ವಿರುದ್ಧವೆಂದಿತು. ಬಹುಮತವನ್ನು ಸದನದಲ್ಲಿಯೇ ಪರೀಕ್ಷಿಸಬೇಕು, ಒಕ್ಕೂಟ ವ್ಯವಸ್ಥೆ ಸಂವಿಧಾನದ ಮೂಲರಚನೆಗೆ ಸೇರಿದ್ದು ಎಂಬ ನಿಲುವುಗಳು ಆ ತೀರ್ಪಿನಿಂದ ಗಟ್ಟಿಯಾದವು. 1991ರಲ್ಲಿ ರಾಜ್ಯದ ಕೈ ಹಿಡಿದು ನಿಲ್ಲಿಸಿದ ನ್ಯಾಯಾಲಯವೇ ಮೂರು ವರ್ಷದೊಳಗೆ ಕೇಂದ್ರದ ಕೈಯನ್ನೂ ಹಿಡಿದು ನಿಲ್ಲಿಸಿತು. ಮೊದಲನೆಯದನ್ನು ಬೇಡವೆಂದವನು ಎರಡನೆಯದನ್ನು ಯಾವ ಮುಖದಿಂದ ಬೇಡುವನು?

ಅಲ್ಪಸಂಖ್ಯೆಯ ಸಮಾಜಕ್ಕೆ ಈ ವಿವೇಕ ಇನ್ನೂ ಹೆಚ್ಚು ಬೇಕು. ಜೈನರಿಗೆ ಇದರ ಹಳೆಯ ಪಾಠ ಶಿಲೆಯಲ್ಲಿದೆ. 1368ರಲ್ಲಿ ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹಗಳ ಭವ್ಯಜನರು ತಮಗಾದ ಅನ್ಯಾಯವನ್ನು ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ಶ್ರೀರಂಗ, ತಿರುಪತಿ, ಕಂಚಿಗಳ ಆಚಾರ್ಯರೊಡನೆ ಈಗ ಪಾಂಡವಪುರ ತಾಲ್ಲೂಕಿನಲ್ಲಿರುವ ಮೇಲುಕೋಟೆಯ, ಅಂದಿನ ತಿರುನಾರಾಯಣಪುರದ, ಆಚಾರ್ಯರನ್ನೂ ಸೇರಿಸಿ, ಜೈನರ ಕೈಯನ್ನು ಶ್ರೀವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೆ ಭೇದವಿಲ್ಲವೆಂದು ಅರಸ ತೀರ್ಮಾನಿಸಿದನು. ಪಂಚಮಹಾವಾದ್ಯ ಮತ್ತು ಕಲಶಗಳ ಹಕ್ಕು ಜೈನರಿಗೆ ಹಿಂದಿನಂತೆ ನಿಂತಿತು. ಮನೆಗೊಂದು ಹಣದಂತೆ ಜೈನರು ಕೊಡಬೇಕೆಂದೂ, ಅದರಿಂದ ಬೆಳುಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ತಿರುಮಲೆಯ ತಾತಯ್ಯನವರು ನೇಮಿಸಬೇಕೆಂದೂ, ಉಳಿದುದರಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕೆಂದೂ ಶ್ರವಣಬೆಳಗೊಳದ ಆ ಶಾಸನ ಹೇಳುತ್ತದೆ. ಬಲವುಳ್ಳವರ ಮೇಲೆಯೇ ಬಲವಿಲ್ಲದವರ ರಕ್ಷಣೆಯ ಹೊಣೆಯನ್ನು ಹೊರಿಸಿ, ಅದನ್ನು ಕಲ್ಲಿನಲ್ಲಿ ಬರೆಸಿ, ಖರ್ಚಿಗೆ ಬಾಬು ತೋರಿಸಿದ ಬುದ್ಧಿ ಅದು. ಅದು ಒಬ್ಬ ಅರಸನ ಧರ್ಮಬುದ್ಧಿ. ಸಂವಿಧಾನವು ಅಂಥ ಬುದ್ಧಿಯನ್ನು ಅರಸ ಒಳ್ಳೆಯವನಿರಲಿ ಕೆಟ್ಟವನಿರಲಿ ನಿಲ್ಲುವಂತೆ ಮಾಡುವ ಏರ್ಪಾಡು. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಬಸದಿಯಿಂದ ಬೆಳಗೊಳಕ್ಕೆ ಹೋಗುವ ಯಾತ್ರಿಕರು ಬಾಹುಬಲಿಯ ದರ್ಶನವಾದ ಮೇಲೆ ಆ ಶಾಸನದ ಬಳಿಯೂ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಬಸದಿಗಳ ಟ್ರಸ್ಟುಗಳಿಗೂ ಇದು ಸಲ್ಲುತ್ತದೆ. ಟ್ರಸ್ಟಿನ ಅಂಗಡಿಯನ್ನು ಬಾಡಿಗೆಗೆ ಹಿಡಿದ ಟ್ರಸ್ಟಿಯೇ ಬಾಡಿಗೆ ನಿಗದಿಯ ಸಭೆಯಲ್ಲಿ ಕುಳಿತು ಕೈಯೆತ್ತುವ ಪದ್ಧತಿ ಕೆಲವೆಡೆ ಉಂಟು. ಎಲ್ಲರೂ ನಮ್ಮವರೇ ಎಂಬ ಸಮಾಧಾನ ಅದಕ್ಕೆ ಸಿಗುತ್ತದೆ. ಫಿಲಡೆಲ್ಫಿಯದವರ ಪಾಠ ಅಲ್ಲಿಗೂ ಬೇಕು.

ಕಾವೇರಿಯ ಕಥೆ 1991ಕ್ಕೆ ಮುಗಿಯಲಿಲ್ಲ. 2007ರ ಫೆಬ್ರವರಿ 5ರ ಅಂತಿಮ ತೀರ್ಪು ತಮಿಳುನಾಡಿಗೆ 419, ಕರ್ನಾಟಕಕ್ಕೆ 270 ಟಿ.ಎಂ.ಸಿ. ಅಡಿ ಎಂದು ಹಂಚಿತು. 2016ರ ಸೆಪ್ಟೆಂಬರಿನಲ್ಲಿ ಮಳೆಯ ಕೊರತೆಯ ನಡುವೆ ನೀರು ಬಿಡುವ ಆದೇಶ ಬಂದಾಗ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಬಸ್ಸುಗಳು ಸುಟ್ಟವು. ಆ ತಿಂಗಳ 23ರಂದು ವಿಧಾನಮಂಡಲವು ಜಲಾಶಯಗಳ ನೀರು ಕುಡಿಯುವುದಕ್ಕೆ ಮಾತ್ರ ಎಂದು ನಿರ್ಣಯಿಸಿತು. ಅಕ್ಟೋಬರ್ 3ರಂದು ಇನ್ನೊಂದು ನಿರ್ಣಯದಿಂದ ಆ ಬಿಗಿಯನ್ನು ಸಡಿಲಿಸಿತು. ಕುಡಿಯುವ ನೀರಿಗೂ ತಳಮಟ್ಟದ ಜಲಾಶಯವನ್ನೇ ನೋಡಬೇಕಾದ ರಾಜ್ಯದ ಸಂಕಟವನ್ನು ಸುಗ್ರೀವಾಜ್ಞೆಯ ಸಾಲಿಗೆ ಸೇರಿಸುವುದು ಕಠೋರವಾದೀತು. ಆದರೂ ಅದು ಗೆರೆಯ ಅತಿ ಸಮೀಪದ ನಡೆಯೆಂಬುದನ್ನು ಒಪ್ಪಬೇಕು. ಇತ್ತ ನ್ಯಾಯಾಲಯದಲ್ಲಿ ವಾದ ಮುಂದುವರಿಯಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲನ್ನು 284.75 ಟಿ.ಎಂ.ಸಿ. ಅಡಿಗೆ ಏರಿಸಿತು. ಹೆಚ್ಚಿದ 14.75ರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಉಳಿದುದಕ್ಕೆ ಕಾವೇರಿ ತಗ್ಗಿನ ಅಂತರ್ಜಲದ ಲೆಕ್ಕ ಆಧಾರವಾಯಿತು. ನದಿಯ ಮೇಲೆ ಯಾವ ರಾಜ್ಯಕ್ಕೂ ಒಡೆತನವಿಲ್ಲ, ಅದು ರಾಷ್ಟ್ರದ ಸಂಪತ್ತು ಎಂದೂ ತೀರ್ಪು ಹೇಳಿತು. ಸುಗ್ರೀವಾಜ್ಞೆಯಿಂದ ಸಿಗದ ನೀರು ತಾಳ್ಮೆಯ ವಾದದಿಂದ ಸಿಕ್ಕಿತು. ಆದರೆ ಇಪ್ಪತ್ತೇಳು ವರ್ಷ ಹಿಡಿಯಿತೆಂಬುದನ್ನು ವಕೀಲರು ಸುಲಭವಾಗಿ ಹೇಳಬಲ್ಲರು, ಬೇಸಾಯಗಾರನು ಹೇಳಲಾರನು. 2023ರ ಬರದಲ್ಲಿ ನೀರು ಬಿಡುವ ಆದೇಶ ಮತ್ತೆ ಬಂತು. ಮಂಡ್ಯ ಬಂದ್ ಆಯಿತು, ಕರ್ನಾಟಕ ಬಂದ್ ಆಯಿತು, ಧರಣಿಗಳಾದವು. 1991ರ ರಕ್ತಪಾತ ಮರುಕಳಿಸಲಿಲ್ಲ.

ಸಂಯಮದ ಉಪದೇಶ ಮಾಡುವವರು ಯಾರೆಂಬುದನ್ನೂ ಕೇಳಬೇಕು. ತನ್ನ ನಾಲೆ ಒಣಗಿರುವಾಗ ನದಿಯಲ್ಲಿ ನೀರು ಹರಿದುಹೋಗುವುದನ್ನು ನೋಡುತ್ತ ನಿಲ್ಲುವವನು ಪಾಂಡವಪುರದ ರೈತ. ಸಂವಿಧಾನದ ಎಲ್ಲೆಯನ್ನು ರಾಜ್ಯ ಪಾಲಿಸಿದ್ದಕ್ಕೆ ಬೆಲೆ ತೆರುವವನು ಅವನೊಬ್ಬನೇ. ಪೇಟೆಯ ವರ್ತಕನು ಕೃಷ್ಣರಾಜಪೇಟೆಯ ತನ್ನ ಅಂಗಡಿಯಲ್ಲಿ ಕುಳಿತು ಕಾನೂನಿನ ಗೌರವವನ್ನು ಕುರಿತು ಮಾತನಾಡುವುದು ಸುಲಭ. ಅಂಥ ವರ್ಷದಲ್ಲಿ ಏನಾಗುತ್ತದೆಂಬುದು ಎಲ್ಲರಿಗೂ ಗೊತ್ತು. ಎತ್ತುಗಳು ಸಂತೆಗೆ ಬಂದು ಅರ್ಧ ಬೆಲೆಗೆ ಹೋಗುತ್ತವೆ. ಹೆಣ್ಣುಮಕ್ಕಳ ಒಡವೆ ಗಿರವಿಗೆ ಬರುತ್ತದೆ. ನಾಲೆಯ ಬದಿಯ ಎಕರೆ, ಮೊದಲು ಮಾರುವ ಮಾತೇ ಇಲ್ಲದ ಎಕರೆ, ಮಧ್ಯವರ್ತಿಯ ಚೀಟಿಯಲ್ಲಿ ಕಾಣಿಸಿಕೊಳ್ಳುತ್ತದೆ. ವ್ಯವಸ್ಥೆ ತಪ್ಪಿದ ಕಾಲದಲ್ಲಿ ಬೆಲೆಬಾಳುವ ವಸ್ತು ಅಲ್ಪ ಮೌಲ್ಯಕ್ಕೆ ದೊರೆಯುವುದೆಂದು ಪೂಜ್ಯಪಾದರು ಬರೆದದ್ದು ಇದನ್ನೇ ಅಲ್ಲವೆ? ಗೊಬ್ಬರದ ಬಾಕಿಗೆ ಆ ವರ್ಷ ಬಡ್ಡಿ ಹಚ್ಚದೆ ಮುಂದಿನ ಸುಗ್ಗಿಗೆ ಕಾಯುವುದು, ಗಿರವಿಯ ಅವಧಿ ಮುಗಿದಿದ್ದರೂ ಒಡವೆಯನ್ನು ಕರಗಿಸದಿರುವುದು, ದಾನಶಾಲೆಯ ಹಣದಲ್ಲಿ ಮೇವು ತರಿಸುವುದು ವರ್ತಕನ ಕೈಯಲ್ಲಿರುವ ಕೆಲಸಗಳು. ಅವನ್ನು ಮಾಡದೆ ರೈತನಿಗೆ ಸಂವಿಧಾನವನ್ನು ಬೋಧಿಸುವವನು, ಸರ್ಕಾರ ತಪ್ಪಿಸಿಕೊಂಡ ಅತಿಚಾರವನ್ನು ತಾನು ಕಟ್ಟಿಕೊಂಡಂತೆಯೇ.

ಸೂತ್ರದಲ್ಲಿ ವಿರುದ್ಧರಾಜ್ಯಾತಿಕ್ರಮದ ಮಗ್ಗುಲಿಗೇ ಹೀನಾಧಿಕ ಮಾನೋನ್ಮಾನವಿದೆ. 2018ರ ತೀರ್ಪಿನಂತೆ ಸಾಧಾರಣ ಮಳೆಯ ವರ್ಷದಲ್ಲಿ ಕರ್ನಾಟಕ ಬಿಡಬೇಕಾದದ್ದು 177.25 ಟಿ.ಎಂ.ಸಿ. ಅಡಿ. ಅದನ್ನು ಅಳೆಯುವ ಜಾಗ ಕೃಷ್ಣರಾಜಸಾಗರವಲ್ಲ, ಮೆಟ್ಟೂರೂ ಅಲ್ಲ. ಎರಡು ರಾಜ್ಯಗಳ ಗಡಿಯಲ್ಲಿ ಬಿಳಿಗುಂಡ್ಲು ಎಂಬಲ್ಲಿ ಕೇಂದ್ರ ಜಲ ಆಯೋಗದ ಮಾಪನ ಕೇಂದ್ರವಿದೆ. ಕೊಡುವವನೂ ಅಲ್ಲದ, ಕೊಳ್ಳುವವನೂ ಅಲ್ಲದ ಮೂರನೆಯವನು ಅಲ್ಲಿ ಹರಿವನ್ನು ಅಳೆದು ಲೆಕ್ಕ ಬರೆಯುತ್ತಾನೆ. ಅದೇ ಲೆಕ್ಕವನ್ನು ಎರಡು ರಾಜ್ಯಗಳೂ ನೋಡುತ್ತವೆ.